ಚೆನ್ನಾಗಿರೋ ಕೋಳಿಯ ರಕ್ತವನ್ನೂ ನೋಡಬೇಕು

ಮಂಡ್ಯದಲ್ಲಿ ಪ್ರಾಣಿಗಳ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನನ್ನ ಕೆಲಸ. ನಾಟಿ ಕೋಳಿ ಸಾಯ್ತಿವೆ ಎಂದು ಯಾರಾದರೂ ಬಂದರೆ, ಜುಟ್ಟು ಬಿಳಿಚಿಕೊಂಡು ಮುದುಡಿ ಕೂತ ಕೋಳಿಯ ಜೊತೆ ಅದೇ ಮನೆಯ ಗಟ್ಟಿಮುಟ್ಟಾದ ಹಳೇ ಹೇಂಟೆಯನ್ನೂ ತನ್ನಿ ಎನ್ನುತ್ತೇನೆ. ಮದ್ದೂರು ಕಡೆಯ ರೈತರೊಬ್ಬರು, "ಅದ್ಕೇನಾಗದೆ ಮೇಡಂ, ಚೆನ್ನಾಗಿ ಮೇಯ್ತಾ ಅದೆ" ಅಂದರು. ಆದರೂ ತಂದರು. ಅವರ ಮನೆಯಲ್ಲಿ ಸತ್ತಿದ್ದೆಲ್ಲ ಸಂತೆಯಿಂದ ಹೊಸದಾಗಿ ತಂದ ಕೋಳಿಗಳು.

ರೆಕ್ಕೆ ಕೆಳಗಿನ ರಕ್ತನಾಳದಿಂದ ಒಂದು ಹನಿ ಸಾಕು. ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಮೆಥನಾಲ್ ಹಾಕಿ, ಆಮೇಲೆ ಜೀಮ್ಸಾ ಬಣ್ಣ. ಹಕ್ಕಿಯ ಕೆಂಪು ರಕ್ತಕಣ ನಮ್ಮದರಂತೆ ದುಂಡಗಿರುವುದಿಲ್ಲ. ಮೊಟ್ಟೆಯಾಕಾರ, ನಡುವೆ ನ್ಯೂಕ್ಲಿಯಸ್. ಕೋಳಿಗೆ ಮಲೇರಿಯಾ ತರುವ ಪ್ಲಾಸ್ಮೋಡಿಯಂ ಗ್ಯಾಲಿನೇಸಿಯಂ ಎಂಬ ಪರಾವಲಂಬಿ ಈ ಕಣದೊಳಗೆ ಬೆಳೆದಾಗ ಆ ನ್ಯೂಕ್ಲಿಯಸ್ಸನ್ನು ಪಕ್ಕಕ್ಕೆ ತಳ್ಳಿರುತ್ತದೆ, ಕಂದುಗಪ್ಪು ಚುಕ್ಕಿಗಳೂ ಕಾಣುತ್ತವೆ. ಬಿಳಿಚಿದ ಕೋಳಿಯ ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ಅದೇ. ಹೇಂಟೆಯದರಲ್ಲಿ ಕಣ್ಣು ನೋಯುವವರೆಗೆ ಹುಡುಕಿದ ಮೇಲೆ ಅಲ್ಲೊಂದು ಇಲ್ಲೊಂದು.

ಅಂದರೆ ಹೇಂಟೆಗೂ ಮಲೇರಿಯಾ ಇದೆ. ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದರಲ್ಲಿ ದೊಡ್ಡ ಪಾಲು ಆಂಟಿಬಾಡಿಗಳದ್ದು, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯಲು ದೇಹವೇ ತಯಾರಿಸುವ ಪ್ರೋಟೀನುಗಳದ್ದು. ಪರಾವಲಂಬಿ ಒಂದು ರಕ್ತಕಣ ಒಡೆದು ಹೊರಬಂದು ಇನ್ನೊಂದಕ್ಕೆ ನುಗ್ಗಬೇಕು. ಒಂದು ಬಸ್ ಇಳಿದು ಇನ್ನೊಂದು ಹತ್ತುವ ನಡುವಿನ ಆ ಗಳಿಗೆಯಲ್ಲಿ ಮಾತ್ರ ಅದು ರಕ್ತದಲ್ಲಿ ಬಯಲಿಗೆ ಬೀಳುತ್ತದೆ. ಆಂಟಿಬಾಡಿ ಹಿಡಿದು ಅಂಟಿಕೊಳ್ಳುವುದು ಆಗಲೇ. ಅಂಟಿಕೊಂಡರೆ ಹೊಸ ಕಣಕ್ಕೆ ನುಗ್ಗುವುದು ಕಷ್ಟ, ಬಿಳಿ ರಕ್ತಕಣಗಳು ಅದನ್ನು ನುಂಗುವುದು ಸುಲಭ. ಕಣದ ಒಳಗೆ ಸೇರಿಬಿಟ್ಟರೆ ಆಂಟಿಬಾಡಿಯ ಕೈಗೆ ಸಿಗುವುದಿಲ್ಲ. ಈ ಜಾತಿಯದು ಮಿದುಳಿನ ಸಣ್ಣ ರಕ್ತನಾಳಗಳ ಒಳಗೋಡೆಯ ಕಣಗಳಲ್ಲೂ ಅಡಗುತ್ತದೆ. ಅದಕ್ಕೇ ಪೂರ್ತಿ ಹೋಗುವುದಿಲ್ಲ. ಉಳಿದ ನಾಲ್ಕಾರು ರೋಗನಿರೋಧಕ ಶಕ್ತಿಯನ್ನು ಎಚ್ಚರವಾಗಿಡುತ್ತವೆ, ಸೊಳ್ಳೆ ಮತ್ತೆ ಅದೇ ರೋಗ ತಂದರೂ ಹೇಂಟೆ ತಡೆದುಕೊಳ್ಳುತ್ತದೆ. ಸಂತೆಯ ಕೋಳಿಗಳಿಗೆ ಈ ರೋಗದ ಪರಿಚಯವೇ ಇದ್ದಿರಲಿಕ್ಕಿಲ್ಲ.

1941ರಲ್ಲಿ ನಮ್ಮ ದೇಶದಲ್ಲೇ ಮಲ್ಲಿಗನ್, ರಸೆಲ್, ಮೋಹನ್ ಎಂಬ ಮೂವರು ಇದೇ ಪರಾವಲಂಬಿಯ ಸ್ಪೋರೋಜಾಯಿಟ್‌ಗಳನ್ನು, ಅಂದರೆ ಸೊಳ್ಳೆ ಚುಚ್ಚಿ ಬಿಡುವ ರೂಪವನ್ನು, ನಿಷ್ಕ್ರಿಯ ಮಾಡಿ ಕೋಳಿಗಳಿಗೆ ಚುಚ್ಚಿದ್ದರು. ಸೋಂಕು ಪೂರ್ತಿ ನಿಲ್ಲಲಿಲ್ಲ, ರೋಗದ ಹೊಡೆತ ಕಡಿಮೆಯಾಯಿತು. 1976ರಲ್ಲಿ ಕಾರ್ಟರ್ ಮತ್ತು ಚೆನ್ ಇನ್ನೊಂದು ತೋರಿಸಿದರು: ಲಸಿಕೆ ಕೊಟ್ಟ ಕೋಳಿಯ ರಕ್ತ ಹೀರಿದ ಸೊಳ್ಳೆಯ ಹೊಟ್ಟೆಯಲ್ಲೇ ಆಂಟಿಬಾಡಿಗಳು ಪರಾವಲಂಬಿಯನ್ನು ತಡೆದವು. ನನಗೆ ಇದು ಎಷ್ಟು ಓದಿದರೂ ಬೇಸರ ಬರದ ವಿಷಯ!

ಈಗ ವರದಿಯಲ್ಲಿ ಸುಮ್ನೆ 'ಇದೆ', 'ಇಲ್ಲ' ಎಂದು ಬರೆಯುವುದಿಲ್ಲ. ಎಷ್ಟು ಕಣಗಳಲ್ಲಿ ಇದೆ, ಹಕ್ಕಿ ಹೇಗಿದೆ, ಎರಡನ್ನೂ ಬರೆಯುತ್ತೇವೆ. ಹೇಂಟೆಯನ್ನು ಮಾರಿಬಿಡಬೇಕಾ ಎಂದು ಆ ರೈತರು ಕೇಳಿದರು. ಬೇಡ ಎಂದೆ. ಹೊಸ ಕೋಳಿ ತಂದರೆ ಸಂಜೆಗೆ ಮುಂಚೆ ಸೊಳ್ಳೆ ಪರದೆ ಕಟ್ಟಿದ ಗೂಡಿಗೆ ಸೇರಿಸಿ, ನಿಂತ ನೀರು ಚೆಲ್ಲಿಬಿಡಿ, ಬಿಳಿಚಿದ್ದು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಕೋಳಿಯ ಈ ಮಲೇರಿಯಾ ಮನುಷ್ಯರಿಗೆ ಬರುವುದಿಲ್ಲ, ಮನೆಯವರು ಹೆದರಬೇಕಿಲ್ಲ ಎಂದೂ ಹೇಳಿ ಕಳಿಸಿದೆ.