ಎರಡು ತಿಂಗಳು ಬೀಗ ಬಿದ್ದ ಕಂಪ್ಯೂಟರ್ ಕೋಣೆ

1 ಜೂನ್ 2024, ಶನಿವಾರ
ಮಾನ್ವಿ ತಾಲ್ಲೂಕು, ರಾಯಚೂರು

ರಜೆ ಮುಗಿದು ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆದರೆ ಮೊದಲ ಕೆಲಸ ಕರೆಂಟು ಹೋದಾಗ ಯಂತ್ರ ನಡೆಸುವ ಯುಪಿಎಸ್ ಬ್ಯಾಟರಿಯದ್ದು. 12 ವೋಲ್ಟ್, 150 ಆಂಪಿಯರ್-ಅವರ್‌ನ ನಾಲ್ಕು ಇದ್ದರೆ ಒಟ್ಟು 7.2 ಯೂನಿಟ್. ಅರ್ಧಕ್ಕಿಂತ ಹೆಚ್ಚು ಹಿಂಡಬಾರದು, ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ಕೈಗೆ ಸಿಗುವುದು 3 ಯೂನಿಟ್. ಮಾನಿಟರ್ ಸೇರಿ 100 ವಾಟ್ ಎಳೆಯುವ ಹತ್ತು ಡೆಸ್ಕ್‌ಟಾಪ್‌ಗೆ ಮೂರು ತಾಸು. ಅದೂ ಹೊಸದಿದ್ದಾಗ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನ ಮುಚ್ಚಿದ ಕೋಣೆಯಲ್ಲಿ ಎರಡು ಬೇಸಿಗೆ ಕಂಡ ಬ್ಯಾಟರಿ ಒಂದು ಪೀರಿಯಡ್ ದಾಟಿಸಿದರೆ ಪುಣ್ಯ. ಶಕ್ತಿನಗರ ವಿದ್ಯುತ್ ಸ್ಥಾವರದ ಚಿಮಣಿಗಳು ಇದೇ ಜಿಲ್ಲೆಯಲ್ಲಿವೆ, ಆ ಮಾತು ಬೇರೆ.

ಯುಪಿಎಸ್ ಚಾಲೂ ಬಿಟ್ಟು ಹೋಗಿದ್ದರೆ ನೀರು ಆರಿ ಪ್ಲೇಟು ಬಯಲಾಗಿರುತ್ತದೆ. ಆರಿಸಿ ಹೋಗಿದ್ದರೆ ಚಾರ್ಜ್ ತಾನೇ ಇಳಿದು ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಕೂತಿರುತ್ತದೆ. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ರಾತ್ರಿಯೆಲ್ಲ ಚಾರ್ಜ್ ಮಾಡಿ, ಆಮೇಲೆ ಗುರುತಿನ ತನಕ ತುಂಬಬೇಕು. ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಆಗ 1.240ರ ಆಸುಪಾಸು ತೋರಿಸಬೇಕು. ಬೋರ್ ನೀರು ಮಾತ್ರ ಬೇಡ. ಅದರ ಉಪ್ಪು ಪ್ಲೇಟನ್ನೇ ತಿನ್ನುತ್ತದೆ. ಕಂಪ್ಯೂಟರ್ ಕೊಳ್ಳಲು ಅನುದಾನ ಬರುತ್ತದೆ, ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನು ಯಾರಿಗೂ ನೆನಪಾಗುವುದಿಲ್ಲ. ಲ್ಯಾಬು ಸಾಯುವುದು ಹೆಚ್ಚಾಗಿ ಇಲ್ಲೇ.

ಎರಡನೆಯದು ಅರ್ತಿಂಗ್. "ಸರ, ಮುಟ್ಟಿದ್ರ ಜುಮ್ ಅಂತದ್ರಿ" ಎಂದು ಹುಡುಗರು ಹೇಳಿದರೆ ನಗಬಾರದು, ಮೇನ್ ಆರಿಸಬೇಕು. ಎರೆ ಮಣ್ಣು ಬೇಸಿಗೆಗೆ ಬಿರಿದು ಅರ್ತ್ ಪೈಪಿನಿಂದ ದೂರ ಸರಿಯುತ್ತದೆ. ಬೆರಳು ತೂರುವಷ್ಟು ಸಂದು ಬಿಟ್ಟಿರುತ್ತದೆ. ಅರ್ತ್ ಇಲ್ಲದಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕಂಪ್ಯೂಟರಿನ ಡಬ್ಬಿಗೆ ಸುಮಾರು 115 ವೋಲ್ಟ್ ಬರುತ್ತದೆ. ಅದರಲ್ಲಿ ಹರಿಯುವ ಕರೆಂಟು ತೀರ ಸಣ್ಣದು. ಆದರೆ ನಿಜವಾದ ಲೀಕೇಜೂ ಹಾಗೇ ಜುಮ್ ಅನ್ನುತ್ತದೆ, ಕೈಗೆ ವ್ಯತ್ಯಾಸ ತಿಳಿಯದು. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ನೋಡಲಿ: ಫೇಸ್–ಅರ್ತ್ ನಡುವೆ ಫೇಸ್–ನ್ಯೂಟ್ರಲ್‌ನಷ್ಟೇ ಬರಬೇಕು. ಅರ್ತ್ ಪೈಪಿನ ಗುಂಡಿಗೆ ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು.

ಇನ್ನು ಯಂತ್ರಗಳು. "ನೆಟ್ ಬರಾಕತ್ತಿಲ್ಲ" ಎಂಬ ದೂರಿನ ಬೇರು ಎಷ್ಟೋ ಸಲ ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಸೆಲ್. ಅದು ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಬ್ರೌಸರಿಗೆ ಎಲ್ಲ ಸೈಟಿನ ಸುರಕ್ಷತಾ ಪ್ರಮಾಣಪತ್ರವೂ ತಪ್ಪಾಗಿ ಕಂಡು ಸೈಟು ತೆರೆಯುವುದಿಲ್ಲ. ರೂಟರ್ ಬದಲಿಸುವ ಮೊದಲು ಗಡಿಯಾರ ನೋಡಿ. ಬೀಪ್ ಹೊಡೆದು ನಿಂತರೆ ಪ್ಲಗ್ ಕಿತ್ತು, ಮೆಮೊರಿ ಕಡ್ಡಿಯಾದ ರ‍್ಯಾಮ್ ತೆಗೆದು, ಅದರ ಬಂಗಾರದ ಹಲ್ಲನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಬೇಕು. ಧೂಳು ಊದುವಾಗ ಫ್ಯಾನು ತಿರುಗದಂತೆ ಬೆರಳು ಅಡ್ಡ ಇರಲಿ. ಪ್ರೊಸೆಸರ್ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಜೋಳದ ಕಾಳಿನಷ್ಟು ಸಾಕು.

ಸತ್ತ ಯಂತ್ರದ ರ‍್ಯಾಮ್ ಇನ್ನೊಂದಕ್ಕೆ ಹಾಕೋಣವೆಂದರೆ ಅದು ಸ್ಟಾಕ್ ಪುಸ್ತಕದಲ್ಲಿ ಇನ್ನೂ ಬದುಕಿದೆ. ರದ್ದಿ ಆದೇಶ ಬರುವ ತನಕ ಬಿಚ್ಚುವಂತಿಲ್ಲ. ಆದೇಶ ಬಂದಮೇಲೂ ಹಳೆಯ ಡಿಡಿಆರ್3 ಕಡ್ಡಿ ಹೊಸ ಡಿಡಿಆರ್4 ಸ್ಲಾಟಿಗೆ ಕೂರದು.

ಆರು ಯಂತ್ರ, ಅರವತ್ತು ಮಕ್ಕಳು, 40 ನಿಮಿಷ: ತಲೆಗೆ ನಾಲ್ಕು ನಿಮಿಷ. ಹೋದ ವರ್ಷ ಯಾರೋ ಆರನೆಯದರ ಕೀಬೋರ್ಡಿಗೆ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಅಕ್ಷರಗಳನ್ನು ಬಿಳಿ ಟೇಪಿನ ಮೇಲೆ ಬರೆದು ಅಂಟಿಸಿದ್ದಾರೆ. ಟೇಪು ಇನ್ನೂ ಗಟ್ಟಿ ಇದೆ.