ಕಂಪ್ಯೂಟರ್ ರಿಪೇರಿಗೆ ಇಳಿಯುವ ಹುಡುಗ ಹುಡುಗಿಯರಿಗೆ: ಮೊದಲು ರಸೀದಿ ಪುಸ್ತಕ, ಆಮೇಲೆ ಸ್ಕ್ರೂಡ್ರೈವರ್

ಪಿಯುಸಿ ಓದುತ್ತಲೇ ಅಕ್ಕಪಕ್ಕದವರ ಕಂಪ್ಯೂಟರ್ ರಿಪೇರಿ ಶುರು ಮಾಡಬೇಕು ಅಂತಿದ್ದರೆ ಮೊದಲು ಕಾರ್ಬನ್ ಹಾಳೆಯ ಒಂದು ರಸೀದಿ ಪುಸ್ತಕ ತನ್ನಿ. ಬಿಚ್ಚುವುದು, ಜೋಡಿಸುವುದು 16ರ ವಯಸ್ಸಿನ ಕೈಗೆ ಬೇಗ ಹತ್ತುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಅದಕ್ಕಿಂತ ಮುಂಚೆಯೇ, ಯಂತ್ರ ಕೈಗೆ ಬಂದ ಮೊದಲ 10 ನಿಮಿಷದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳಿಂದ, ಬರೆದುಕೊಳ್ಳದ ಸಾಲುಗಳಿಂದ.

ರಸೀದಿಯಲ್ಲಿ ಇಷ್ಟಿರಲಿ: ತಾರೀಖು, ಮಾಡೆಲ್, ತಳದಲ್ಲಿರುವ ಸೀರಿಯಲ್ ನಂಬರ್, ಜೊತೆಗೆ ಚಾರ್ಜರ್ ಕೊಟ್ಟರೋ ಇಲ್ಲವೋ, ತೊಂದರೆ ಏನು ಅನ್ನುವುದು ಯಂತ್ರ ತಂದವರದೇ ಮಾತಿನಲ್ಲಿ. ಆಮೇಲೆ ಅವರ ಎದುರಿಗೇ ಆನ್ ಮಾಡಿ ಕ್ಯಾಮೆರಾ, ವೈಫೈ, ಸ್ಪೀಕರ್, ಎಲ್ಲ ಯುಎಸ್‌ಬಿ ಕಿಂಡಿ, ಕೀಬೋರ್ಡಿನ ಒಂದೊಂದು ಕೀಲಿಯನ್ನೂ ಒತ್ತಿ ನೋಡಿ. ನಾಲ್ಕು ಬದಿಯ ಫೋಟೋ ತೆಗೆಯಿರಿ. ಮುಖ್ಯವಾಗಿ ಲ್ಯಾಪ್‌ಟಾಪಿನ ಹಿಂಜ್, ಅಂದರೆ ಪರದೆ ಮಡಚುವ ಕೀಲು, ನೋಡಿ. ಅಗ್ಗದ ಮಾಡೆಲ್‌ಗಳಲ್ಲಿ ಹಿಂಜಿನ ಸ್ಕ್ರೂ ಕೂರುವುದು ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿದ ಪುಟ್ಟ ಹಿತ್ತಾಳೆ ನಟ್ಟಿನಲ್ಲಿ. ಎರಡು ಮೂರು ವರ್ಷ ತೆರೆದು ಮುಚ್ಚಿದ ಮೇಲೆ ಹಿಂಜ್ ಬಿಗಿಯಾಗಿ, ಆ ನಟ್ಟು ಪ್ಲಾಸ್ಟಿಕ್ ಸಮೇತ ಕಿತ್ತು ಬರುತ್ತದೆ. ಹೊರಗಿನಿಂದ ಕಾಣುವುದು ಕೂದಲೆಳೆಯ ಬಿರುಕು ಮಾತ್ರ. ನೀವು ತಳ ಬಿಚ್ಚಿದಾಗ ಅದು ಪೂರ್ತಿ ಬಿಟ್ಟುಕೊಳ್ಳುತ್ತದೆ, 'ಚೆನ್ನಾಗೇ ಇತ್ತಲ್ಲಪ್ಪ, ನೀನು ಬಿಚ್ಚಿದ ಮೇಲೇ ಹೀಗಾಗಿದ್ದು' ಅನ್ನುವ ಮಾತು ಬರುತ್ತದೆ. ಬಿಚ್ಚುವ ಮೊದಲೇ ಬೆರಳಿಟ್ಟು ತೋರಿಸಿ, ರಸೀದಿಯಲ್ಲಿ ಬರೆದರೆ ಜಗಳವೇ ಇಲ್ಲ.

ಇನ್ನು ಡೇಟಾ. 'ಅದ್ರಲ್ಲಿ ಏನೂ ಇಲ್ಲ ಕಣಪ್ಪ, ಫಾರ್ಮ್ಯಾಟ್ ಹೊಡೆದುಬಿಡು' ಅನ್ನುವ ಮಾತನ್ನು ಯಾವತ್ತೂ ಅಕ್ಷರಶಃ ತೆಗೆದುಕೊಳ್ಳಬೇಡಿ. ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ, ಏನಿದೆ ಅನ್ನುವುದು ಆ ಗಳಿಗೆಯಲ್ಲಿ ಅವರಿಗೆ ನೆನಪಿಲ್ಲ ಅಷ್ಟೆ. 'ಅಂಕಲ್, ಒಂದ್ಸಲ ನೀವೇ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪಿಕ್ಚರ್ಸ್ ತೆಗೆದು ನೋಡಿಬಿಡಿ' ಅನ್ನಿ. ಹತ್ತರಲ್ಲಿ ಎಂಟು ಜನಕ್ಕೆ ಅಲ್ಲೇ ಏನೋ ಒಂದು ಸಿಗುತ್ತದೆ ಅಂದುಕೊಂಡೇ ಕೆಲಸ ಮಾಡಿ. ಏನೂ ಬೇಡ ಅಂದರೂ ಬ್ಯಾಕಪ್ ತೆಗೆಯಿರಿ.

ನಮ್ಮೂರಿನ ಯಂತ್ರಗಳಲ್ಲಿ ವಿಶೇಷವಾಗಿ ನೋಡಬೇಕಾದ್ದು ಮೂರಿವೆ. ಒಂದು, ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ ಮತ್ತು ಬರಹ. ಹಳೆಯ ವರ್ಡ್ ಕಡತಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ. ಫಾಂಟ್ ಹೋದರೆ 20 ವರ್ಷದ ಪತ್ರ ವ್ಯವಹಾರವೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಫಾರ್ಮ್ಯಾಟಿಗೆ ಮುಂಚೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ಕನ್ನಡದ ಫಾಂಟುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಡಿ. ಎರಡು, ಅಂಗಡಿ ಲೆಕ್ಕ ಬರೆಯುವ ಟ್ಯಾಲಿ. ಅಂಗಡಿಯವರ ಯಂತ್ರವಾದರೆ ಡೇಟಾ ಫೋಲ್ಡರ್ ಎಲ್ಲಿದೆ ಅಂತ ಟ್ಯಾಲಿಯೊಳಗೇ ನೋಡಿ ಕಾಪಿ ಮಾಡಿ, ಲೈಸೆನ್ಸನ್ನು ಅದರ ಮೆನುವಿನಿಂದಲೇ ಸರೆಂಡರ್ ಮಾಡಿಸಿ. ಲೈಸೆನ್ಸ್ ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಹಾಗೇ ಅಳಿಸಿದರೆ ಮತ್ತೆ ಚಾಲೂ ಮಾಡಿಸಲು ಅವರು ಒದ್ದಾಡಬೇಕು. ಮೂರು, ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಒನ್‌ಡ್ರೈವ್. ಫೈಲಿನ ಪಕ್ಕದಲ್ಲಿ ಮೋಡದ ಚಿಹ್ನೆ ಇದ್ದರೆ ಆ ಫೈಲು ಯಂತ್ರದಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ. ಇಂಟರ್ನೆಟ್‌ಗೆ ಜೋಡಿಸಿ ಪೂರ್ತಿ ಇಳಿಸಿಕೊಂಡ ಮೇಲೆ ಕಾಪಿ ಮಾಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಬೇಕಾ ಅಂತಲೂ ಕೇಳಲು ಮರೆಯಬೇಡಿ. ಕಾಪಿ ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆಗೆದು ಫೈಲುಗಳ ಸಂಖ್ಯೆ ತಾಳೆ ನೋಡಿ.

ಬಯೋಸ್ (ಆನ್ ಮಾಡಿದಾಗ ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಮಾಡುವ, ಮದರ್‌ಬೋರ್ಡಿನ ಸೆಲ್ ತೆಗೆಯುವ ಮೊದಲು, ಡಿಸ್ಕಿನ ಡೇಟಾಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿವೈಸ್ ಎನ್‌ಕ್ರಿಪ್ಶನ್ ತಾನೇ ಆನ್ ಆಗಿರುತ್ತದೆ, ಮಾಲೀಕರಿಗೆ ಅದರ ಸುಳಿವೂ ಇರುವುದಿಲ್ಲ. ನೀವು ಬಯೋಸ್ ಮುಟ್ಟಿದ ಮರುಕ್ಷಣ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಖಾತೆಯ ಪಾಸ್‌ವರ್ಡೇ ಮರೆತಿದ್ದರೆ ಡೇಟಾ ಹೋದಂತೆಯೇ. ಆದ್ದರಿಂದ ಯಂತ್ರ ತೆಗೆದುಕೊಳ್ಳುವಾಗಲೇ ಅವರ ಫೋನಿನಲ್ಲಿ ಆ ಕೀ ಸಿಗುತ್ತದಾ ನೋಡಿಸಿ.

'ತುಂಬಾ ಸ್ಲೋ' ಅಂತ ಬರುವ ಯಂತ್ರಗಳಲ್ಲಿ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ 05, ಸಿ5, ಸಿ6 ಸಾಲುಗಳನ್ನು ನೋಡಿ. ಸಿ5 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು. ಅಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ವಿಂಡೋಸ್‌ನ ಡಿಸ್ಕ್ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಉಜ್ಜುತ್ತದೆ, ಮೇಲಿಂದ ಬರೆಯುತ್ತದೆ ಕೂಡ. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶದಿಂದ ಇನ್ನೊಂದು ಡಿಸ್ಕಿಗೆ ನಕಲು ಇಳಿಸಿ. ಅದು ಮೊದಲು ಸಲೀಸಾಗಿ ಬರುವುದನ್ನು ಎತ್ತಿಕೊಂಡು ಕೆಟ್ಟ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಸಿ7 ಮಾತ್ರ ಏರಿದ್ದರೆ ತಪ್ಪು ಸಾಮಾನ್ಯವಾಗಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನದು, ಡಿಸ್ಕಿನದಲ್ಲ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕೂಡಲೇ ಆಫ್ ಮಾಡಿ ಡೇಟಾ ರಿಕವರಿ ಲ್ಯಾಬಿನ ದಾರಿ ತೋರಿಸಿ. ಅದು ಮನೆಯಲ್ಲಿ ಬಿಚ್ಚುವ ವಸ್ತುವಲ್ಲ.

ಸಾಮಾನು ಕಡಿಮೆ ಸಾಕು. ಪಿಎಚ್0, ಪಿಎಚ್1, ಪಿಎಚ್2 ಸ್ಕ್ರೂಡ್ರೈವರ್, ಟಿ5 ಟಾರ್ಕ್ಸ್, ಪ್ಲಾಸ್ಟಿಕ್ ಪಿಕ್, ಚಿಮಟ, ಡಿಜಿಟಲ್ ಮಲ್ಟಿಮೀಟರ್, 99% ಐಸೊಪ್ರೊಪೈಲ್ ಆಲ್ಕೋಹಾಲ್, ಥರ್ಮಲ್ ಪೇಸ್ಟ್, ಆಂಟಿಸ್ಟಾಟಿಕ್ ಪಟ್ಟಿ, ಸಿಆರ್2032 ಸೆಲ್ (ಮದರ್‌ಬೋರ್ಡಿನದು) ನಾಲ್ಕೈದು, ಸಾಟಾದಿಂದ ಯುಎಸ್‌ಬಿಗೆ ಒಂದು ಕೇಬಲ್, 32 ಜಿಬಿಯ ಎರಡು ಪೆನ್‌ಡ್ರೈವ್. ಒಂದರಲ್ಲಿ, ಒಂದೇ ಪೆನ್‌ಡ್ರೈವಿನಿಂದ ಹಲವನ್ನು ಬೂಟ್ ಮಾಡಿಸುವ ವೆಂಟಾಯ್ ಹಾಕಿದರೆ ವಿಂಡೋಸ್, ಲಿನಕ್ಸ್ ಮಿಂಟ್, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+, ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಎಲ್ಲವೂ ಅದರಲ್ಲೇ ಕೂರುತ್ತವೆ. ಇವಕ್ಕಿಂತ ಬೆಲೆಬಾಳುವುದು ಕೆಲಸ ಮಾಡುತ್ತದೆ ಅಂತ ಖಾತ್ರಿ ಇರುವ ಒಂದು ಹಳೆಯ ಎಸ್‌ಎಂಪಿಎಸ್ (ಡೆಸ್ಕ್‌ಟಾಪಿಗೆ ಕರೆಂಟ್ ಕೊಡುವ ಪೆಟ್ಟಿಗೆ), ಒಂದೊಂದು ಡಿಡಿಆರ್3, ಡಿಡಿಆರ್4 ರ‍್ಯಾಮ್. ಅನುಮಾನದ ಭಾಗ ತೆಗೆದು ಖಾತ್ರಿಯ ಭಾಗ ಹಾಕಿ ನೋಡುವುದಕ್ಕಿಂತ ನಿಖರವಾದ ಪರೀಕ್ಷೆ ಇಲ್ಲ.

ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರೋಡ್. ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಕಾಲೇಜಿನವರಿಗೆ ಶನಿವಾರ ಮಧ್ಯಾಹ್ನವೇ ಸರಿ. 'ಬಿಲ್ ಬೇಕಾ, ಬೇಡ್ವಾ' ಅಂತ ಕೇಳಿದರೆ ಬೇಕು ಅನ್ನಿ. ನಾಳೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲಿಗೆ ಹಾಕುವ ವೇಗದ ಡಿಸ್ಕ್) ಕೆಟ್ಟರೆ ವಾರಂಟಿಗೆ ಬಿಲ್ ಕೇಳುತ್ತಾರೆ. ಸೀರಿಯಲ್ ನಂಬರನ್ನು ಕೌಂಟರಿನಲ್ಲೇ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಂದಿನವರೆಗೆ ಇದೆ ನೋಡಿ. ಹೊಸದು ಅಂದಿದ್ದಕ್ಕೆ ಒಂದು ವರ್ಷ ಆಗಲೇ ಕಳೆದಿದ್ದರೆ ವಾಪಸ್ ಇಡಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅಗ್ಗಕ್ಕೆ ಸಿಕ್ಕರೆ ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ನಕಲಿಯಾದರೆ ಹೇಳಿದ ಗಾತ್ರ ತೋರಿಸುತ್ತದೆ, ಸ್ವಲ್ಪ ತುಂಬಿದ ಮೇಲೆ ಬರೆದದ್ದನ್ನೆಲ್ಲ ಹಾಳು ಮಾಡುತ್ತದೆ. ಹೋಗುವ ಮುಂಚೆ ಹಳೆಯ ಭಾಗದ ಫೋಟೋ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ರ‍್ಯಾಮಿನಲ್ಲಿ ಡಿಡಿಆರ್3ಗೂ ಡಿಡಿಆರ್3ಎಲ್‌ಗೂ ಪಿನ್ 204, ಎರಡೂ ಒಂದೇ ಕಿಂಡಿಗೆ ಹೋಗುತ್ತವೆ. ಆದರೆ 1.35 ವೋಲ್ಟ್ ಮಾತ್ರ ಕೊಡುವ ಯಂತ್ರದಲ್ಲಿ 1.5 ವೋಲ್ಟಿನ ರ‍್ಯಾಮ್ ಏಳುವುದಿಲ್ಲ. ಎಂ.2 ಎಸ್‌ಎಸ್‌ಡಿಯಲ್ಲೂ (ಬೋರ್ಡಿಗೇ ಚುಚ್ಚುವ ಪಟ್ಟಿಯಂಥದ್ದು) ಹಾಗೆ, ಎರಡು ಬಗೆಯಿವೆ, ಸಾಟಾದ್ದೋ ಎನ್‌ವಿಎಂಇದೋ ಕೇಳಿ ತನ್ನಿ. ಅದನ್ನು ಕೂರಿಸುವ ಪುಟ್ಟ ಸ್ಕ್ರೂ ಎಸ್‌ಎಸ್‌ಡಿ ಡಬ್ಬದಲ್ಲಿ ಎಷ್ಟೋ ಸಲ ಇರುವುದಿಲ್ಲ, ಅಲ್ಲೇ ಎರಡು ಕೊಂಡುಬಿಡಿ.

ಡೆಸ್ಕ್‌ಟಾಪಿನಲ್ಲಿ ಅತಿ ಹೆಚ್ಚು ಬರುವ ದೂರು 'ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ'. ಮೊದಲು ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದ್ದಾರೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದ್ದರೆ ಕೆಲಸ ಅಲ್ಲಿಗೇ ಮುಗಿಯಬಹುದು. ಇಲ್ಲದಿದ್ದರೆ ಪವರ್ ವೈರ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಿ. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಆಲ್ಕೋಹಾಲ್ ಹಚ್ಚಿದ ಬ್ರಶ್‌ನಿಂದ ರಬ್ಬರ್ ಪುಡಿ ಒರೆಸಿ, ಸ್ಲಾಟಿನ ಧೂಳನ್ನೂ ತೆಗೆಯಿರಿ. ರಸ್ತೆಬದಿಯ, ಕಟ್ಟಡ ಏಳುತ್ತಿರುವ ಬೀದಿಯ ಮನೆಗಳಲ್ಲಿ ಸಿಮೆಂಟ್ ಧೂಳು ಈ ಸ್ಲಾಟುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಂದೇ ಒಂದು ರ‍್ಯಾಮನ್ನು ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿ ಹಾಕಿ ನೋಡಿ. ಆಗದಿದ್ದರೆ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಹಾಕಿ. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತಿದ್ದರೆ ಸೆಲ್ಲೇ ಸತ್ತಿದೆ.

ಆಮೇಲೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪವರ್ ಕನೆಕ್ಟರ್. ಅದು ಸಡಿಲವಾದರೂ ಫ್ಯಾನ್ ತಿರುಗುತ್ತದೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಕೊನೆಗೆ ಎಸ್‌ಎಂಪಿಎಸ್. 24 ಪಿನ್ನಿನ ಕನೆಕ್ಟರನ್ನು ಬೋರ್ಡಿನಿಂದ ತೆಗೆದು ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಪೇಪರ್ ಕ್ಲಿಪ್ ಸೇರಿಸಿದರೆ ಅದು ಚಾಲೂ ಆಗುತ್ತದೆ. ಎಲ್ಲ ವೈರೂ ಕಪ್ಪಗಿದ್ದರೆ ಹಸಿರಿನ ಜಾಗ 16ನೇ ಪಿನ್. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಒಳಗೆ ಬರಬೇಕು. ಇಷ್ಟು ಬಂದರೂ ಪೂರ್ತಿ ನಂಬಬೇಡಿ. ಲೋಡ್ ಇಲ್ಲದೆ ಸರಿಯಾಗಿ ತೋರಿಸಿ, ಲೋಡ್ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳಿವೆ. ಅದಕ್ಕೇ ಖಾತ್ರಿಯದ್ದೊಂದು ಕೈಲಿರಬೇಕು ಅಂದದ್ದು. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿದ ಡಿಸಿ ಉಳಿದಿರಬಹುದು. ಹಾಗೆಯೇ, ಹೊಸ ಡಿಡಿಆರ್5 ಹಾಕಿದ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಗೇ ಇರುವುದು ಸಹಜ. ಗಾಬರಿಯಾಗಿ ಮಧ್ಯದಲ್ಲಿ ಆಫ್ ಮಾಡಬೇಡಿ.

ಲ್ಯಾಪ್‌ಟಾಪ್ ಬಿಚ್ಚಿದ ಕೂಡಲೇ ಮಾಡಬೇಕಾದ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯುವುದು. ಸ್ಕ್ರೂಗಳನ್ನು ಮೊಟ್ಟೆ ಟ್ರೇಯಲ್ಲಿ, ಬಿಚ್ಚಿದ ಜಾಗದ ಕ್ರಮದಲ್ಲೇ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಅಂಗೈ ಇಡುವ ಕಡೆ ಉಬ್ಬುತ್ತದೆ, ಇಲ್ಲವೇ ಬೋರ್ಡಿನ ಒಳಗೆರೆ ಕಡಿಯುತ್ತದೆ. ಧೂಳು ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಫಿಲ್ಟರ್ ಕಾಫಿ ಚೆಲ್ಲಿದ ಯಂತ್ರ ಬಂದರೆ ಆನ್ ಮಾಡಿ ನೋಡುವ ಆಸೆ ಬಿಡಿ, ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ. ನೀರು ಆರುತ್ತದೆ, ಹಾಲು ಸಕ್ಕರೆಯ ಪದರ ಆರಿ ಅಂಟಿಕೊಂಡು ತಾಮ್ರ ತಿನ್ನುತ್ತದೆ. ಬೋರ್ಡ್ ಹೊರತೆಗೆದು ಆಲ್ಕೋಹಾಲಿನಲ್ಲಿ ಬ್ರಶ್ ಅದ್ದಿ ತೊಳೆಯಲೇಬೇಕು. ಉಬ್ಬಿದ ಬ್ಯಾಟರಿಯನ್ನು ಎಬ್ಬಲು ಲೋಹದ ಯಾವುದನ್ನೂ ತೂರಿಸಬೇಡಿ. ಒಳಪದರ ಹರಿದರೆ ಬೆಂಕಿ. ತೆಗೆದದ್ದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡಬೇಡಿ, ಅಂಕಲ್ ಎಷ್ಟೇ ಒತ್ತಾಯ ಮಾಡಿದರೂ. ಆ ಆಕ್ಟಿವೇಟರ್ ಓಡಿಸಲು ಆಂಟಿವೈರಸ್ ಆಫ್ ಮಾಡಬೇಕು, ಅದೇ ಬಾಗಿಲಿನಿಂದ ಬೇರೆಯದೂ ಒಳಬರುತ್ತದೆ. ವಿಂಡೋಸ್ 8 ಅಥವಾ ಆಮೇಲಿನ ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ಗೆ ಹೇಗೂ ಕೀ ಬಯೋಸ್‌ನಲ್ಲೇ ಇರುತ್ತದೆ. ಮೊದಲಿದ್ದ ಆವೃತ್ತಿಯನ್ನೇ, ಇಲ್ಲಿ ಹೆಚ್ಚಾಗಿ ಹೋಮ್ ಸಿಂಗಲ್ ಲ್ಯಾಂಗ್ವೇಜ್, ಹಾಕಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲದ, ಇಂಟೆಲ್ 8ನೇ ತಲೆಮಾರಿಗಿಂತ ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಕೊಡುವುದು ಒಳ್ಳೆಯ ಕೆಲಸ. ಟ್ಯಾಲಿ, ನುಡಿ ಬಳಸುವವರಿಗೆ ಮಾತ್ರ ಅದನ್ನು ಹಚ್ಚಬೇಡಿ.

ದುಡ್ಡಿನ ಮಾತು ಬಿಚ್ಚುವ ಮೊದಲೇ ಆಗಲಿ. ತಪಾಸಣೆಗೆ 150 ರೂ., ಬ್ಯಾಕಪ್ ಸಮೇತ ಫಾರ್ಮ್ಯಾಟಿಗೆ 500 ರೂ. ಕೇಳುವುದರಲ್ಲಿ ಸಂಕೋಚ ಬೇಡ. ಬಿಡಿಭಾಗದ ಬಿಲ್ಲನ್ನು ಹಾಗೇ ಅವರ ಕೈಗೆ ಕೊಟ್ಟು ನಿಮ್ಮ ಕೂಲಿ ಬೇರೆ ಬರೆಯಿರಿ. ಎಸ್‌ಎಸ್‌ಡಿ, ರ‍್ಯಾಮ್ ದರ ಏರಿಳಿಯುತ್ತಲೇ ಇರುವುದರಿಂದ ಹೇಳಿದ ಬೆಲೆ 2 ದಿನಕ್ಕೆ ಮಾತ್ರ ಅಂತ ರಸೀದಿಯಲ್ಲಿ ಹಾಕಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆ ಇಲ್ಲ, ಹಾಗಾಗಿ ಅಂಗಡಿ ಬಾಡಿಗೆ, ಆಫೀಸುಗಳ ವಾರ್ಷಿಕ ಒಪ್ಪಂದ ಅಪ್ಪ ಅಥವಾ ಅಮ್ಮನ ಹೆಸರಿನಲ್ಲೇ ಆಗಬೇಕು. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಯಾರದೇ ಮನೆಗೆ ಹೋಗಿ ಕೆಲಸ ಮಾಡುವುದಾದರೆ ಹಗಲು ಹೊತ್ತಿನಲ್ಲಿ, ನಿಮ್ಮ ಮನೆಯವರಿಗೆ ವಿಳಾಸ ತಿಳಿಸಿ ಹೋಗಿ.

ವಾಪಸ್ ಕೊಡುವಾಗ ಪಟ್ಟಿ ಇಟ್ಟುಕೊಂಡು, ತೆಗೆದುಕೊಳ್ಳುವಾಗ ನೋಡಿದ್ದನ್ನೆಲ್ಲ ಮತ್ತೊಮ್ಮೆ ಅವರ ಎದುರಿಗೆ ನೋಡಿ: ಕ್ಯಾಮೆರಾ, ಸ್ಪೀಕರ್, ಕೀಲಿಗಳು. ಫೋಟೋ ಫೋಲ್ಡರನ್ನೂ ಒಂದು ನುಡಿ ಕಡತವನ್ನೂ ಅವರ ಕೈಯಿಂದಲೇ ತೆರೆಸಿ. ಕೆಟ್ಟ ಹಾರ್ಡ್‌ಡಿಸ್ಕ್ ಅವರದು, ಕೇಳದಿದ್ದರೂ ಕೈಗೆ ಕೊಡಿ. ಪಾಸ್‌ವರ್ಡ್ ಬರೆದ ಚೀಟಿಯನ್ನು ಅಲ್ಲೇ ಹರಿದು, ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳಿ. ಬ್ಯಾಕಪ್ ನಿಮ್ಮ ಬಳಿ ಇನ್ನು 7 ದಿನ ಮಾತ್ರ ಇರುತ್ತದೆ ಅಂತ ರಸೀದಿಯ ಎರಡೂ ಪ್ರತಿಯಲ್ಲಿ ಬರೆದು ಸಹಿ ಹಾಕಿಸಿ. 6ನೇ ದಿನ ಒಂದು ಫೋನ್ ಮಾಡಿ, 'ಆಂಟಿ, ಫೈಲ್ ಎಲ್ಲಾ ಸಿಕ್ತಾ, ನಾಳೆ ಸಂಜೆ ಡಿಲೀಟ್ ಮಾಡ್ತೀನಿ' ಅನ್ನಿ. ಮರುದಿನ ಸಂಜೆ ಅಳಿಸಿ, ಅಳಿಸಿದ ತಾರೀಖನ್ನು ನಿಮ್ಮ ಪ್ರತಿಯ ಮೇಲೆ ಬರೆದುಕೊಳ್ಳಿ.