ಫ್ಲೋರೈಡ್ ಪ್ರಪೋಸಲ್: ಮೂರನೇ ಕರಡು ಎಲ್ಲಿಗೆ ಬಂತು

ಸಂಶೋಧನಾ ಅನುದಾನ ಕೇಳುತ್ತಿರುವ ಯೋಜನೆ: ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನಿಂದ ಇದ್ದಿಲು ಮಾಡಿ, ಅದಕ್ಕೆ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಲೇಪಿಸಿ, ಕೊಳವೆಬಾವಿ ನೀರಿನ ಫ್ಲೋರೈಡ್ ತೆಗೆಯುವುದು. ದಿಂಡು ದಾವಣಗೆರೆ ಸುತ್ತಮುತ್ತಲಿನದು, ನೀರು ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳದ್ದು. ಅವಧಿ 36 ತಿಂಗಳು.
ಸ್ಥಿತಿ: ತಾಂತ್ರಿಕ ಭಾಗ ಮುಗಿದಿದೆ, ಬಜೆಟ್ ಮುಕ್ಕಾಲು ಆಗಿದೆ, ಸಹಿಗಳು ಬಾಕಿ.

ಉದ್ದೇಶಗಳು

ಹಿಂದಿನ ಕರಡಿನ ಮೊದಲ ಪುಟ ಪೂರ್ತಿ ತೆಗೆದಾಯಿತು. ‘ನಮ್ಮ ಭಾಗದ ನೀರಲ್ಲಿ ಫ್ಲೋರೈಡ್ ಜಾಸ್ತಿ, ಜನರಿಗೆ ತೊಂದರೆ’ ಎಂಬುದನ್ನೇ ಅಲ್ಲಿ ನಾಲ್ಕು ಬಗೆಯಲ್ಲಿ ಹೇಳಿತ್ತು. ಮಾತು ನಿಜ, ಆದರೆ ಪರಿಶೀಲಿಸುವವರಿಗೆ ಅದು ಗೊತ್ತಿರುವುದೇ. ಅನುದಾನ ಸಿಗುವುದು ಗೊತ್ತಿಲ್ಲದ್ದನ್ನು ಹುಡುಕುವುದಕ್ಕೆ. ಅಹವಾಲು ಕೊಡುವುದಕ್ಕೆ ಶಾಸಕರ ಕಚೇರಿ ಇದೆ. ಜಿಲ್ಲಾ ಕೇಂದ್ರದ ಕಾಲೇಜುಗಳಿಂದ ಹೋಗುವ ಎಷ್ಟೋ ಪ್ರಪೋಸಲ್‌ಗಳು ಮುಗ್ಗರಿಸುವುದು ಇಲ್ಲೇ.

ಬರೀ ಇದ್ದಿಲು ಫ್ಲೋರೈಡನ್ನು ಹೆಚ್ಚು ಹಿಡಿಯದು, ಅಲ್ಯುಮಿನಿಯಂ ಲೇಪಿಸಿದರೆ ಹಿಡಿಯುತ್ತದೆ. ಇದೂ ಹಳೆಯ ಸಂಗತಿಯೇ. ಗೊತ್ತಿಲ್ಲದ್ದು ಇದರಾಚೆಗಿದೆ. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5.5–6ರ ಆಸುಪಾಸಿನಲ್ಲಿ. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರು ಸಾಮಾನ್ಯವಾಗಿ ಕ್ಷಾರೀಯ, ಬೈಕಾರ್ಬೊನೇಟ್ ಹೆಚ್ಚು, ಫ್ಲೋರೈಡ್ ಅಂಟುವ ಜಾಗಕ್ಕೇ ಅದೂ ಪೈಪೋಟಿಗಿಳಿಯುತ್ತದೆ. ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ ತೆಗೆದ ಸಾಮರ್ಥ್ಯದ ಅಂಕಿ (ಒಂದು ಗ್ರಾಂ ಇದ್ದಿಲು ಹಿಡಿಯುವ ಫ್ಲೋರೈಡ್) ಚಳ್ಳಕೆರೆಯ ನೀರಲ್ಲಿ ಎಷ್ಟು ಕುಸಿಯುತ್ತದೆ? ಇದ್ದಿಲಿನಿಂದ ನೀರಿಗೆ ಎಷ್ಟು ಅಲ್ಯುಮಿನಿಯಂ ಬಿಡುತ್ತದೆ? ಪ್ರಪೋಸಲ್ ಈಗ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ. ಮಿತಿ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರದ್ದು: ಲೀಟರಿಗೆ ಫ್ಲೋರೈಡ್ 1 ಮಿ.ಗ್ರಾಂ, ಬೇರೆ ನೀರು ಇಲ್ಲದಿದ್ದಲ್ಲಿ 1.5, ಅಲ್ಯುಮಿನಿಯಂ 0.03, ಬೇರೆ ನೀರು ಇಲ್ಲದಿದ್ದಲ್ಲಿ 0.2.

ಅಳತೆಯ ವಿಧಾನಕ್ಕೆ ಒಂದು ಪ್ಯಾರಾ ಸೇರಿಸಿದೆ. ಅಲ್ಯುಮಿನಿಯಂ ಜತೆ ಕಟ್ಟಿಕೊಂಡ ಫ್ಲೋರೈಡ್ ಅದನ್ನು ಅಳೆಯುವ ಎಲೆಕ್ಟ್ರೋಡ್‌ಗೆ ಕಾಣುವುದಿಲ್ಲ. ಆಗ ಫ್ಲೋರೈಡ್ ಹೋಯಿತೆಂದು ಫಲಿತಾಂಶ ಸುಳ್ಳು ಹೇಳುತ್ತದೆ. ಅದಕ್ಕೇ ಸಿಡಿಟಿಎ (ಅಲ್ಯುಮಿನಿಯಂ ಹಿಡಿದು ಫ್ಲೋರೈಡನ್ನು ಬಿಡಿಸುವ ರಾಸಾಯನಿಕ) ಇರುವ ಟೈಸಾಬ್ ಎಂಬ ಬಫರ್ ದ್ರಾವಣವನ್ನು ಮಾದರಿಯಷ್ಟೇ ಪ್ರಮಾಣದಲ್ಲಿ ಬೆರೆಸಿ ಓದಬೇಕು. ಈ ಕೆಲಸ ಕೈಯಾರೆ ಮಾಡಿದವರು ಬರೆದಿದ್ದಾರೋ ಇಲ್ಲವೋ ಎಂದು ಪರಿಶೀಲಕರು ಅಳೆಯುವುದು ಇಂಥ ಸಾಲುಗಳಿಂದ.

ಕಾರ್ಯಸಾಧ್ಯತೆಗೆ ಸರಳ ಲೆಕ್ಕ: ಮನೆಗೆ ದಿನಕ್ಕೆ 20 ಲೀಟರ್ ನೀರು, ಫ್ಲೋರೈಡ್ ಲೀಟರಿಗೆ 5ರಿಂದ 1 ಮಿ.ಗ್ರಾಂಗೆ ಇಳಿಯಬೇಕು. ಅಂದರೆ ದಿನಕ್ಕೆ 80 ಮಿ.ಗ್ರಾಂ ತೆಗೆಯಬೇಕು. ಒಂದು ಗ್ರಾಂ ಇದ್ದಿಲು 2 ಮಿ.ಗ್ರಾಂ ಹಿಡಿಯುತ್ತದೆ ಎಂದುಕೊಂಡರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ 1.2 ಕಿಲೋ ಇದ್ದಿಲು. ಸಾಮರ್ಥ್ಯ 0.5ಕ್ಕೆ ಕುಸಿದರೆ ತಿಂಗಳಿಗೆ 4.8 ಕಿಲೋ, ಅಷ್ಟು ಹಳೆ ಇದ್ದಿಲನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಾಗಾಗಿ ಇದ್ದಿಲಿನ ಮರುಬಳಕೆ ಮತ್ತು ವಿಲೇವಾರಿಯೇ ಮೂರನೇ ಉದ್ದೇಶ.

ಶಾಲಾ ಮಕ್ಕಳ ಹಲ್ಲಿನ ಸಮೀಕ್ಷೆ ಕೈಬಿಟ್ಟಿದೆ. ಅದಕ್ಕೆ ನೈತಿಕ ಸಮಿತಿಯ ಅನುಮತಿ, ಪೋಷಕರ ಒಪ್ಪಿಗೆ, ದಂತವೈದ್ಯರೊಬ್ಬರ ಸಹಭಾಗಿತ್ವ ಎಲ್ಲ ಬೇಕು, ಮೂಲ ಪ್ರಶ್ನೆಗೆ ಮಾತ್ರ ಏನೂ ಸೇರುವುದಿಲ್ಲ.

ವೇಳಾಪಟ್ಟಿ

ಮಾದರಿ ಸಂಗ್ರಹ ಮುಂಗಾರಿಗೆ ಮುಂಚೆ ಏಪ್ರಿಲ್–ಮೇನಲ್ಲಿ, ಮಳೆಗಾಲ ಮುಗಿದ ಮೇಲೆ ನವೆಂಬರ್–ಡಿಸೆಂಬರ್‌ನಲ್ಲಿ. ಮಂಜೂರಾತಿ ಯಾವಾಗ ಬರುತ್ತದೋ ಹೇಳಲಾಗದು, ಆಮೇಲೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೊ) ನೇಮಕಕ್ಕೂ ಸಮಯ ಬೇಕು. 36 ತಿಂಗಳಲ್ಲಿ ಮೂರು ಬೇಸಿಗೆ ಸಿಕ್ಕರೂ ಎರಡನ್ನೇ ನಂಬಿ ಬರೆದಿದೆ.

ಬಜೆಟ್

ಜೆಆರ್‌ಎಫ್ ಒಬ್ಬರು: ಮೊದಲ ಎರಡು ವರ್ಷ ತಿಂಗಳಿಗೆ 37,000, ಮೂರನೇ ವರ್ಷ 42,000. ಒಟ್ಟು 13,92,000. ಮನೆಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ದಾವಣಗೆರೆ ಝಡ್ ವರ್ಗದ, ಅಂದರೆ ಕಡಿಮೆ ದರದ ಊರು. ಎಚ್‌ಆರ್‌ಎ ಶೇ 10 ಹಾಕಿದರೆ 1,39,200. ಎರಡೂ ಸೇರಿ 15,31,200. ನೆಟ್, ಗೇಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗದವರನ್ನು ಈ ದರಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ, ಅದನ್ನು ಜಾಹೀರಾತಿನಲ್ಲೇ ಹಾಕಬೇಕು.

ಅಯಾನ್ ಮೀಟರ್ ಮತ್ತು ಫ್ಲೋರೈಡ್ ಎಲೆಕ್ಟ್ರೋಡ್‌ನ ಹಳೆ ಕೊಟೇಶನ್‌ನಲ್ಲಿ ಜಿಎಸ್‌ಟಿ ಶೇ 5 ಇತ್ತು. ಸಂಶೋಧನಾ ಸಂಸ್ಥೆಗಳಿಗಿದ್ದ ಆ ರಿಯಾಯಿತಿ 2022ರ ಜುಲೈ 18ರಿಂದ ಇಲ್ಲ. ಶೇ 18ರಂತೆ 2 ಲಕ್ಷದ ಉಪಕರಣ 2,36,000 ಆಗುತ್ತದೆ, ಮೊದಲಿನ ಲೆಕ್ಕಕ್ಕಿಂತ 26,000 ಹೆಚ್ಚು. ಮಂಜೂರಾದ ಮೇಲೆ ಈ ವ್ಯತ್ಯಾಸ ತುಂಬಿಕೊಡುವವರು ಯಾರೂ ಇಲ್ಲ.

ಎಕ್ಸ್‌ಆರ್‌ಡಿ (ಹರಳಿನ ರಚನೆ ನೋಡುವುದು), ಬಿಇಟಿ (ಮೇಲ್ಮೈ ವಿಸ್ತೀರ್ಣ ಅಳೆಯುವುದು) ಯಂತ್ರ ಕೇಳಿಲ್ಲ. ಸಂಶೋಧನಾ ಉಪಕರಣ ಹಂಚಿಕೊಳ್ಳುವ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಬುಕ್ ಮಾಡಿ ಬೇರೆ ಕಡೆ ಪರೀಕ್ಷೆ ಮಾಡಿಸಬಹುದು. ಆ ಶುಲ್ಕಕ್ಕೆ ಪ್ರತ್ಯೇಕ ಸಾಲು ಇಟ್ಟಿದೆ. ಯಾವ ಖರ್ಚು ಯಾವ ಉದ್ದೇಶಕ್ಕೆ ಎಂದು ಪ್ರತಿ ಸಾಲಿನ ಎದುರು ಸಂಖ್ಯೆ ಹಾಕಿದೆ. ಸಂಖ್ಯೆ ಸಿಗದ ಲ್ಯಾಪ್‌ಟಾಪ್ ಹೋಯಿತು.

ಎಲ್ಲಿಗೆ

2023ರ ಕಾಯ್ದೆಯಿಂದ, ಸಂಶೋಧನಾ ಅನುದಾನ ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಜಾಗಕ್ಕೆ ಎಎನ್‌ಆರ್‌ಎಫ್ ಬಂದಿದೆ. ಹೊಸ ಅಧ್ಯಾಪಕರಿಗೆ ಅಲ್ಲಿಯ ಪ್ರಧಾನಮಂತ್ರಿ ಅರ್ಲಿ ಕರಿಯರ್ ಯೋಜನೆ ಇದೆ, ಮೂರು ವರ್ಷಕ್ಕೆ ಗರಿಷ್ಠ 60 ಲಕ್ಷ. ಗರಿಷ್ಠ ಅಷ್ಟಿದೆಯೆಂದು ಅಲ್ಲಿವರೆಗೂ ತುಂಬುವುದು ಬೇಡ. ರಾಜ್ಯದಲ್ಲಿ ವಿಜ್ಞಾನಕ್ಕೆ ಅನುದಾನ ಕೊಡುವ ವಿಜಿಎಸ್‌ಟಿ ಇದೆ, ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ರಾಜ್ಯ ವಿಜ್ಞಾನ ಮಂಡಳಿ ಕೆಎಸ್‌ಸಿಎಸ್‌ಟಿ. ಒಂದಕ್ಕೆ ಬರೆದದ್ದನ್ನು ಹಾಗೇ ಇನ್ನೊಂದಕ್ಕೆ ಹಾಕಿದರೆ ನಮೂನೆಯಲ್ಲೇ ಗೊತ್ತಾಗುತ್ತದೆ.

ಬಾಕಿ

ಒಪ್ಪಿಗೆ ಪತ್ರ ಈ ವರ್ಷದ ನಮೂನೆಯಲ್ಲೇ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಆಗಬೇಕು. ವಿಭಾಗದ ಮುಖ್ಯಸ್ಥರ ಸಹಿ ಸಾಲದು, ಸಂಸ್ಥೆಯ ಮುಖ್ಯಸ್ಥರದ್ದೇ ಬೇಕು. ವಿಶ್ವವಿದ್ಯಾಲಯದಲ್ಲಿ ಅದು ಕುಲಸಚಿವರ ಟೇಬಲ್ ದಾಟಿ ಬರುವ ಕಡತ, ಕೊನೆಯ ದಿನಕ್ಕೆ ಇಟ್ಟುಕೊಂಡರೆ ಕೆಟ್ಟಿತು. ಪಿಐ (ಪ್ರಧಾನ ಸಂಶೋಧಕ) ನಿವೃತ್ತಿಯ ದಿನಾಂಕ 36 ತಿಂಗಳ ಆಚೆಗಿದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಬೇಕು.

ಲೆಕ್ಕಪತ್ರ ವಿಭಾಗದವರಿಗೂ ಕರಡು ಹೋಗಿದೆ. ಕೇಂದ್ರದ ಹಣವಾದರೆ ಬಳಕೆ ಪ್ರಮಾಣಪತ್ರ ಜಿಎಫ್‌ಆರ್ (ಕೇಂದ್ರದ ಹಣಕಾಸು ನಿಯಮಾವಳಿ) 12-ಎ ನಮೂನೆಯಲ್ಲಿ ಕೊಡಬೇಕು, ಖಾತೆಯಲ್ಲಿ ಬಂದ ಬಡ್ಡಿ ವಾಪಸ್ ಕಟ್ಟಬೇಕು. ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ, ಜೆಆರ್‌ಎಫ್ ಸಂಬಳವೂ ನಿಲ್ಲುತ್ತದೆ.

ಮೀಟರ್‌ನ ಹೊಸ ಕೊಟೇಶನ್ ಬಂದ ಕೂಡಲೇ ಬಜೆಟ್ ಮುಚ್ಚಿ, ಸಹಿಗೆ ಕಳಿಸುವುದು.